ಮಂಚದ ಕಾಲಿಗೆ ಲವಂಗದೆಣ್ಣೆ

ಅಕ್ಕನ ಮಂಚದ ನಾಲ್ಕು ಕಾಲಿಗೂ ಲವಂಗದೆಣ್ಣೆ ಬಳಿದವನು ನಾನು. ಇನ್ನೊಬ್ಬರ ಕೈ ಅದರಲ್ಲಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಕ್ಕ ತೀರಿಕೊಂಡು ಐದು ತಿಂಗಳಾದರೂ ಅವಳ ಬೆನ್ನಿನ ಗಾಯಗಳಿಗೆ ನಮ್ಮ ಬೀದಿಯಲ್ಲಿ ಕೆಲವರು ಸೊಸೆಯ ಕಡೆಗೇ ಬೆರಳು ತೋರಿಸುತ್ತಾರೆ.

ನಾನು ಐವತ್ತೆರಡು ವರ್ಷ ಎಣ್ಣೆ ಇಳಿಸಿದವನು. ಅಡುಗೆಯ ಎಣ್ಣೆಯಲ್ಲ, ಎಲೆ, ತೊಗಟೆ, ಮೊಗ್ಗುಗಳಿಂದ ಇಳಿಸುವ ಪರಿಮಳದ ಎಣ್ಣೆ. ತಾಮ್ರದ ಹಂಡೆಯಲ್ಲಿ ಸೊಪ್ಪು ತುಂಬಿ, ಕೆಳಗಿನಿಂದ ಹಬೆ ಬಿಟ್ಟು, ಆ ಹಬೆಯನ್ನು ತಣ್ಣೀರಿನ ತೊಟ್ಟಿಯೊಳಗಿನ ಸುರುಳಿ ಕೊಳವೆಯಲ್ಲಿ ಹಾಯಿಸಿದರೆ, ಕೊನೆಗೆ ಗಾಜಿನ ಪಾತ್ರೆಗೆ ನೀರೂ ಎಣ್ಣೆಯೂ ಒಟ್ಟಿಗೆ ಬೀಳುತ್ತವೆ. ಪುದೀನದ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಲವಂಗದ್ದು ತಳಕ್ಕೆ ಇಳಿಯುತ್ತದೆ. ಬೀದಿಯವರು ನನ್ನನ್ನು ಭಟ್ಟಿಯಜ್ಜ ಎಂದು ಕರೆಯುತ್ತಾರೆ. ಹೊಸಬರು ಕೆಲವರು ಆ ಹೆಸರು ಕೇಳಿ, ಸಂಜೆ ಖಾಲಿ ಬಾಟಲಿ ಹಿಡಿದು ಬಾಗಿಲು ತಟ್ಟಿದ್ದೂ ಉಂಟು. ಪುದೀನದ ವಾಸನೆ ಮೂಸಿ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾನು ನಾಲ್ಕು ವರ್ಷದವನಿದ್ದಾಗ ತಾಯಿ ಹೋದಳು; ಅಂದಿನಿಂದ ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ಅಂಗಿಗಳಿಗೆ ಕಾಜಾ ಹಾಕಿ, ಗುಂಡಿ ಹೊಲಿದು ಬಾಳಿದಳು. ಮದುವೆ ಬೇಡ ಎಂದಳು, ಯಾಕೆಂದು ಯಾರೂ ಕೇಳಲಿಲ್ಲ. ನನಗೆ ತಿಳಿದಿರುವ ಪ್ರಾರ್ಥನೆಯ ಹಾಡುಗಳೆಲ್ಲ ಅವಳು ಕಲಿಸಿದವು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಹಿತ್ತಾಳೆಯ ಟೋಪಿಯಿಂದ ಹೊಲಿಗೆಯ ಮೇಜಿನ ಮೇಲೆ ಟಕ್, ಟಕ್ ಎಂದು ತಾಳ ಹಾಕುತ್ತಾ ಹೇಳಿಕೊಡುತ್ತಿದ್ದಳು. ನಾನು ಸಾಲು ಮರೆತರೆ ತಾಳ ನಿಲ್ಲಿಸುತ್ತಿರಲಿಲ್ಲ. ಇನ್ನೂ ಜೋರಾಗಿ ಹೊಡೆಯುತ್ತಿದ್ದಳು. ಸಾಲು ನೆನಪಾಗುವವರೆಗೂ ಹೊಡೆಯುತ್ತಲೇ ಇರುತ್ತಿದ್ದಳು.

ಎಂಬತ್ತನೆಯ ವಯಸ್ಸಿನಲ್ಲಿ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರಾ ನಿಂತಿತು. ನಾವು ಹೇಳಿದ್ದು ಅವಳಿಗೆ ತಿಳಿಯುತ್ತದೆಯೇ ಎಂದು ಕೇಳಿದೆ. ಡಾಕ್ಟರು, "ತಿಳೀಬಹುದು, ತಿಳೀದೇನೂ ಇರಬಹುದು. ಮಾತಾಡಿಸ್ತಾ ಇರಿ," ಎಂದರು. ಎಡಗೈ ಮಾತ್ರ ಅಲ್ಲಾಡುತ್ತಿತ್ತು.

ಆಸ್ಪತ್ರೆಯಲ್ಲಿ ಇರುವಂಥ, ತಲೆಯ ಭಾಗ ಎತ್ತಿ ಇಳಿಸಬಹುದಾದ ಕಬ್ಬಿಣದ ಮಂಚ ಬೇಕಾಗಿತ್ತು. ನನ್ನ ಹಳೆಯ ಗೆಳೆಯನೊಬ್ಬ ಹೊರದೇಶದ ಗಿಡಗಳನ್ನು ತರಿಸಿ ಬೆಳೆಸಿ ಮಾರುವವನು. ಅವನ ತಾಯಿ ಮಲಗಿದ್ದ ಮಂಚ ಮೂರು ವರ್ಷದಿಂದ ಗಿಡಗಳ ಚಪ್ಪರದ ಕೆಳಗೆ ಬಿದ್ದಿತ್ತು. ತರಿಸಿ, ತೊಳೆದು, ನಾನೇ ಹಸಿರು ಬಣ್ಣ ಹೊಡೆದೆ. ಒಳಗೆ ಟೊಳ್ಳಾದ ದಪ್ಪ ಕೊಳವೆಗಳಿಂದ ಮಾಡಿದ ಮಂಚ. ಗಟ್ಟಿಮುಟ್ಟಾಗಿತ್ತು. ಅಕ್ಕನನ್ನು ಅದರ ಮೇಲೆ ಮಲಗಿಸಿದ ದಿನ ನನ್ನ ಮನಸ್ಸಿಗೆ ಒಂದು ಸಮಾಧಾನ.

ಅದಾದ ಮೂರನೆಯ ವಾರ ಅಡುಗೆಮನೆಯಲ್ಲಿ ಇರುವೆ ಕಾಣಿಸಿತು. ಎಳ್ಳಿನ ಅರ್ಧದಷ್ಟಿಲ್ಲ, ತಾಮ್ರದ ಬಣ್ಣ, ನಿಧಾನದ ನಡಿಗೆ. ಸೊಸೆ ಒರೆಸಲು ಹೋದಳು. ಒಂದು ಗಳಿಗೆ ಬಿಟ್ಟು ಕೈ ಕೊಡವಿಕೊಂಡಳು.

"ಮಾವ, ಇದು ನಮ್ಮ ಕಡೆ ಇರುವೆ ಅಲ್ಲ. ಕಚ್ಚಿದ್ದು ಗೊತ್ತೇ ಆಗಲಿಲ್ಲ, ಈಗ ಕೆಂಡ ಇಟ್ಟ ಹಾಗೆ ಉರೀತಿದೆ."

"ನೀನು ತಂದಿಟ್ಟ ಕುಂಡಗಳಿಂದ ಬಂದಿವೆ. ಬೇಡ ಅಂದಿದ್ದೆ," ಎಂದೆ.

ಕಿಟಕಿಯಲ್ಲಿ ಅವಳು ಆರು ಕುಂಡ ಇಟ್ಟಿದ್ದಳು. ಹೂವಿನ ಗಿಡಗಳು, ಅದರಲ್ಲಿ ಎರಡು ಮೊಗ್ಗು ಬಿಟ್ಟಿದ್ದವು. ಅಂದೇ ಮಧ್ಯಾಹ್ನ ಆರನ್ನೂ ಬೀದಿಯ ತುದಿಗೆ ಒಯ್ದು ಸುರಿದೆ. ಅವಳು ಕಿಟಕಿಗೆ ಉದುರಿದ ಮಣ್ಣು ಒರೆಸಿದಳು. ನನ್ನ ಮಗ ಸರಕು ರೈಲು ಓಡಿಸುವವನು, ವಾರಕ್ಕೊಮ್ಮೆ ಮನೆ ಕಾಣುವವನು. ದೂರು ಹೇಳುವುದಕ್ಕೂ ಅವಳಿಗೆ ಯಾರೂ ಇರಲಿಲ್ಲ.

ವಿಷ ತರೋಣ ಎಂದಳು. ನಾನು ಒಪ್ಪಲಿಲ್ಲ. ದೇವರು ಉಸಿರು ಕೊಟ್ಟ ಪ್ರಾಣಿಯನ್ನು ಸಾಲುಗಟ್ಟಿ ಕೊಲ್ಲುವುದು ನನ್ನಿಂದ ಆಗದು. ಜೊತೆಗೆ ಮಲಗಿರುವವಳ ಮನೆಯಲ್ಲಿ ವಿಷ ಯಾಕೆ? ಲವಂಗ, ಪುದೀನ, ಚಕ್ಕೆ ಎಲೆಯ ಎಣ್ಣೆಗಳ ವಾಸನೆಯನ್ನು ಇರುವೆ ದಾಟುವುದಿಲ್ಲ ಎಂಬುದನ್ನು ನನ್ನ ಭಟ್ಟಿಯ ಕೊಟ್ಟಿಗೆಯಲ್ಲೇ ಐವತ್ತು ವರ್ಷ ಕಂಡವನು ನಾನು. ಸಕ್ಕರೆ ಚೆಲ್ಲಿದರೂ ಅಲ್ಲಿ ಒಂದು ಇರುವೆ ಬರುತ್ತಿರಲಿಲ್ಲ. ಕೊಲ್ಲದೆ ದೂರ ಇಡುವ ವಿದ್ಯೆ ಕೈಯಲ್ಲೇ ಇರುವಾಗ ಕೊಲ್ಲುವುದೇಕೆ?

"ಅಡುಗೆಮನೆಗೆ ಆಮೇಲೆ ಬಳಿಯೋಣ. ಮೊದಲು ಅಕ್ಕನ ಮಂಚ," ಎಂದೆ. "ಅವಳಿಗೆ ಕೊಡವಿಕೊಳ್ಳೋಕೂ ಆಗಲ್ಲ. ಅವಳ ಹತ್ತಿರ ಒಂದೂ ಸುಳೀಬಾರದು."

ಸಂಜೆ ದೀಪ ಹಚ್ಚುವ ಮುಂಚೆ, ಲವಂಗದೆಣ್ಣೆಯಲ್ಲಿ ಕುಂಚ ಅದ್ದಿ ಮಂಚದ ನಾಲ್ಕೂ ಕಾಲಿಗೆ ನಾಲ್ಕು ಬೆರಳು ಅಗಲದ ಪಟ್ಟಿ ಬಳಿದೆ. ಗೋಡೆಗೆ ತಾಗದಂತೆ ಮಂಚ ಎಳೆದೆ. ಹೊದಿಕೆ ನೆಲಕ್ಕೆ ಇಳಿಬೀಳದಂತೆ ಸಿಕ್ಕಿಸಿದೆ. ಆಮೇಲೆ ದೀಪ ಹಚ್ಚಿ, ಪಕ್ಕದಲ್ಲಿ ಕುಳಿತು ಪ್ರಾರ್ಥನೆ ಹಾಡಲು ಶುರುಮಾಡಿದೆ.

ಎರಡನೆಯ ಹಾಡಿನ ನಡುವೆ ಅಕ್ಕನ ಎಡಗೈ ಎದ್ದಿತು. ಬೆರಳು ಮಂಚದ ಪಕ್ಕದ ಕೊಳವೆಯನ್ನು ತಟ್ಟಿತು. ಮತ್ತೆ ತಟ್ಟಿತು.

ಸೊಸೆಯನ್ನು ಕೂಗಿದೆ. "ಬಾರಮ್ಮ, ನೋಡು. ತಾಳ ಹಾಕ್ತಿದ್ದಾಳೆ."

ಎರಡು ತಿಂಗಳು ಹೆಣದಂತೆ ಮಲಗಿದ್ದವಳು ದೇವರ ಹೆಸರು ಕೇಳಿ ಕೈ ಎತ್ತಿದ್ದಳು. ಮರುದಿನ ಹೊಲಿಗೆಯ ಡಬ್ಬಿಯಿಂದ ಹಿತ್ತಾಳೆಯ ಟೋಪಿ ಹುಡುಕಿ ಅವಳ ಎಡಗೈ ಬೆರಳಿಗೆ ನಾನೇ ತೊಡಿಸಿದೆ. ಅಂದು ಸಂಜೆ ಕಬ್ಬಿಣದ ಮೇಲೆ ಹಿತ್ತಾಳೆ ಟಣ್ ಟಣ್ ಎಂದು ನುಡಿಯಿತು. ಅವಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿದೆ. ನನ್ನ ಕಣ್ಣಲ್ಲೂ ನೀರು.

ಎರಡೇ ದಿನದಲ್ಲಿ ಅಡುಗೆಮನೆಯ ಸಾಲು ಬಡವಾಯಿತು. ಮೂರನೆಯ ದಿನ ಒಂದೂ ಇಲ್ಲ. ಅಲ್ಲಿಗೆ ಇನ್ನೂ ಎಣ್ಣೆ ಬಳಿದೇ ಇರಲಿಲ್ಲ. ಮನೆಯ ತುಂಬ ಹರಡಿದ ವಾಸನೆಗೇ ಓಡಿಹೋದವು ಎಂದುಕೊಂಡು ಹಿಗ್ಗಿದೆ. "ನೋಡಿದ್ಯಾ? ವಿಷ ಅಂತಿದ್ದೆ," ಎಂದು ಸೊಸೆಯನ್ನು ಕೆಣಕಿದೆ.

"ನಿಮ್ಮ ಎಣ್ಣೆಗೆ ಇರುವೆ ಮಾತ್ರ ಅಲ್ಲ ಮಾವ, ನೆಂಟರೂ ಬರಲ್ಲ. ಅನ್ನಕ್ಕೂ ಲವಂಗದ ವಾಸನೆ," ಎಂದು ಅವಳು ನಕ್ಕಳು. ಕುಂಡ ಎಸೆದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ನೆಂಟರು ಬಾರದಿದ್ದರೂ ಬೀದಿಯವರು ಬಂದರು. ಅಕ್ಕನ ತಾಳ ಕೇಳಲು ಸಂಜೆ ನಾಲ್ಕಾರು ಜನ ಬಾಗಿಲಲ್ಲಿ ನಿಲ್ಲತೊಡಗಿದರು. ಎದುರುಮನೆಯ ಬೇಕರಿಯವನು, ಕೈಮುಗಿದುಕೊಂಡೇ, "ಅಜ್ಜ, ನಾವು ಎಲ್ಲ ನೆಟ್ಟಗಿದ್ದೂ ಒಂದು ಹಾಡಿಗೆ ಕೂರಲ್ಲ. ಇವರನ್ನು ನೋಡಿ," ಎಂದ. ನಾನು ತಲೆ ಬಾಗಿಸಿದೆ. ಒಳಗೆ ಹೆಮ್ಮೆ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ವಾರ ಕಳೆದ ಮೇಲೆ ಮೈ ಒರೆಸುವಾಗ ಸೊಸೆ ಕರೆದಳು. "ಮಾವ, ದೊಡ್ಡತ್ತೆ ಬೆನ್ನ ಮೇಲೆ ಕೆಂಪಗೆ ಗುಳ್ಳೆ. ಬೆವರುಸಾಲೆ ಅಂದುಕೊಂಡೆ, ಜಾಸ್ತಿ ಆಗ್ತಿದೆ. ನಿಮ್ಮ ಎಣ್ಣೆ ಉರಿ ಅಂತ ಕಾಣುತ್ತೆ."

"ಎಣ್ಣೆ ಇರೋದು ಮಂಚದ ಕಾಲಿಗೆ. ಬೆನ್ನಿಗೆ ಹೇಗೆ ಬರುತ್ತೆ?"

"ಒಂದೆರಡು ಇರುವೇನೂ ಕಂಡ ಹಾಗಾಯ್ತು."

"ನಿನ್ನ ಸೀರೆಗೆ ಹತ್ತಿ ಬಂದಿರಬೇಕು. ಎಣ್ಣೆ ದಾಟಿ ಇರುವೆ ಹತ್ತಲ್ಲ. ನನಗೆ ಕಲಿಸಬೇಡಮ್ಮ."

ಅವಳು ಅಕ್ಕನ ಬೆನ್ನಿಗೆ ಪುಡಿ ಹಾಕಿದಳು. ಐವತ್ತೆರಡು ವರ್ಷದ ಅನುಭವಕ್ಕೆ ಎದುರು ಹೇಳುವುದು ಹೇಗೆ? ಮಲಗಿದವರಿಗೆ ಬೆನ್ನು ಕೆಂಪಾಗುವುದು ಸಹಜ ಎಂದು ನಾನೂ ಅಂದುಕೊಂಡೆ.

ದಿನಾ ಸಂಜೆ ಬಳಿದು ಬಳಿದು ಎಣ್ಣೆ ಮುಗಿಯಿತು. ಹೊಸದು ಇಳಿಸಲು ಲವಂಗ ಬರುವುದು ಎರಡು ದಿನ ತಡವಾಯಿತು. ಬಳಿದ ಪಟ್ಟಿ ಒಣಗಿ ವಾಸನೆ ಹಾರಿಹೋಯಿತು. ಆ ಎರಡು ದಿನದಲ್ಲಿ ಅಡುಗೆಮನೆಗೆ ಇರುವೆ ಮರಳಿ ಬಂದವು, ಮೊದಲಿಗಿಂತ ಹೆಚ್ಚು. ಸೊಸೆ ನನ್ನನ್ನು ಕೇಳದೆ ನಗರಸಭೆಯ ಕೀಟ ವಿಭಾಗಕ್ಕೆ ಹೋಗಿ ಹೇಳಿ ಬಂದಳು.

ಅದೇ ಎರಡು ಸಂಜೆ ಅಕ್ಕ ತಾಳ ಹಾಕಲಿಲ್ಲ. ದೀಪ ಹಚ್ಚಿದೆ, ಹಾಡಿದೆ, ಅವಳಿಗೆ ಇಷ್ಟವಾದ ಹಾಡನ್ನು ಎರಡು ಸಲ ಹಾಡಿದೆ. ಟೋಪಿ ತೊಟ್ಟ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಕಣ್ಣು ಮುಚ್ಚಿ ನಿದ್ದೆಹೋದಳು. ಬಾಗಿಲಲ್ಲಿ ನಿಂತವರು ಮೆಲ್ಲನೆ ಕರಗಿದರು. ನನ್ನ ಭಕ್ತಿಯಲ್ಲಿ ಏನೋ ಕೊರತೆ ಬಂತು ಎಂದು ಆ ಎರಡು ದಿನ ಒಪ್ಪೊತ್ತು ಉಪವಾಸ ಮಾಡಿದೆ.

ಮೂರನೆಯ ದಿನ ಲವಂಗ ಬಂತು. ಹಂಡೆ ಏರಿಸಿದೆ. ಸಂಜೆಗೆ ತಳದಲ್ಲಿ ಹೊಸ ಎಣ್ಣೆ ನಿಂತಿತ್ತು, ಮೂಗಿಗೆ ಹೊಡೆಯುವಷ್ಟು ಖಾರ. ಈ ಸಲ ಜಿಪುಣತನ ಮಾಡಲಿಲ್ಲ. ಮಂಚದ ಕಾಲುಗಳಿಗೆ ತುದಿಯಿಂದ ಬುಡದವರೆಗೂ, ಚೌಕಟ್ಟು ಸೇರುವ ಕಡೆಯವರೆಗೂ ದಪ್ಪಗೆ ಬಳಿದೆ.

ಅಂದು ನಾನು ಬಾಯಿ ತೆರೆಯುವ ಮುನ್ನವೇ ತಾಳ ಶುರುವಾಯಿತು. ಟಣ್ ಟಣ್ ಟಣ್ ಟಣ್. ಅಷ್ಟು ಜೋರಾಗಿ ಅವಳು ಎಂದೂ ಹೊಡೆದಿರಲಿಲ್ಲ. ಇನ್ನೂ ದೀಪ ಹಚ್ಚಿಲ್ಲ, ಹಾಡಿಲ್ಲ, ಆಗಲೇ ತಾಳ. ಮಗುವಿನಂತೆ ಆತುರಪಡುತ್ತಾಳೆ ಎಂದುಕೊಂಡೆ. ನಗುತ್ತಾ, "ಇರೇ ಅಕ್ಕ, ಬಂದೆ," ಎಂದೆ. ಕುಂಚ ತೊಳೆದು, ಕೈ ಒರೆಸಿ, ದೀಪಕ್ಕೆ ಬತ್ತಿ ಹೊಸೆದು, ಪೂರ್ತಿ ಏಳು ಹಾಡು ಹಾಡಿದೆ. ಏಳು ಹಾಡಿನುದ್ದಕ್ಕೂ ಅವಳು ಹೊಡೆಯುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕೀಟ ವಿಭಾಗದ ಹೆಂಗಸು ಬಂದಳು. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಕೈಯಲ್ಲಿ ತಗಡಿನ ಪೆಟ್ಟಿಗೆ. ಹೊಸಿಲಲ್ಲೇ ನಿಂತು ಮೂಗು ಅರಳಿಸಿದಳು.

"ಲವಂಗ," ಎಂದಳು.

"ನಮ್ಮ ಮಾವ ಮನೆಗೇ ಒಗ್ಗರಣೆ ಹಾಕಿದ್ದಾರೆ," ಎಂದಳು ಸೊಸೆ.

ಹೆಂಗಸು ಪೆಟ್ಟಿಗೆಯಿಂದ ಕಾಗದದ ಚೂರುಗಳನ್ನು ತೆಗೆದಳು. ಪ್ರತಿ ಚೂರಿಗೂ ಅರೆದ ಕಡಲೆಕಾಯಿಯ ಮುದ್ದೆಯನ್ನು ಒಂದಿಷ್ಟು ಸವರಿದಳು. ಇರುವೆ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಇದೇ ದಾರಿಯಂತೆ. ಅಡುಗೆಮನೆಯಲ್ಲಿ ಮೂರು, ಬಚ್ಚಲಲ್ಲಿ ಒಂದು, ನಡುಮನೆಯಲ್ಲಿ ಎರಡು, ಅಕ್ಕನ ಕೋಣೆಯ ನೆಲದಲ್ಲಿ ಮೂರು ಇಟ್ಟಳು. ಅರ್ಧ ಗಂಟೆ ಕಾದೆವು. ಎಲ್ಲಿಯೂ ಒಂದು ಇರುವೆ ಬರಲಿಲ್ಲ.

ನಾನು ಕಾಲ ಮೇಲೆ ಕಾಲು ಹಾಕಿ ಕುಳಿತೆ. "ನೋಡಿದಿರಾ? ನಿನ್ನೆ ಸಂಜೆ ಬಳಿದೆ. ಒಂದೂ ದಾಟಿಲ್ಲ. ನಿಮ್ಮ ಇಲಾಖೆಗೆ ಬೇಕಾದರೆ ಎರಡು ಬಾಟಲಿ ಕೊಡ್ತೀನಿ."

ಆಕೆ ನಗಲಿಲ್ಲ. "ಅಜ್ಜ, ಎಣ್ಣೆ ಬಳಿಯದೇ ಇದ್ದ ಎರಡು ದಿನ ಅಡುಗೆಮನೆ ತುಂಬ ಇತ್ತಂತಲ್ಲ?"

"ಇತ್ತು."

"ಅಡುಗೆಮನೆಗೂ ಬಳಿದಿದ್ದೀರಾ?"

"ಇಲ್ಲ. ಈ ಮಂಚಕ್ಕೆ ಮಾತ್ರ."

ಆಕೆ ಕನ್ನಡಕ ಸರಿಮಾಡಿಕೊಂಡು ಮಂಚವನ್ನೇ ನೋಡುತ್ತಾ ನಿಂತಳು. "ಮಂಚಕ್ಕೆ ಮಾತ್ರ ಬಳಿದರೆ ಅಡುಗೆಮನೇಲಿ ಯಾಕೆ ಕಡಿಮೆ ಆಗಬೇಕು?" ಎಂದಳು, ತನಗೇ ಹೇಳಿಕೊಳ್ಳುವಂತೆ. ಆಮೇಲೆ ನನ್ನ ಕಡೆ ತಿರುಗಿ, "ಈ ಮಂಚ ಎಲ್ಲಿಂದ ತಂದದ್ದು?" ಎಂದಳು.

ಹೇಳಿದೆ. ಗೆಳೆಯನ ಹೆಸರು ಹೇಳಿದೆ, ಹೊರದೇಶದ ಗಿಡ ಎಂದೆ, ಚಪ್ಪರ ಎಂದೆ. ಒಂದೊಂದು ಮಾತು ಹೇಳುತ್ತಿದ್ದಂತೆ ಸೊಸೆಯ ಮುಖದ ಬಣ್ಣ ಇಳಿಯಿತು. ನನಗೆ ಇನ್ನೂ ತಿಳಿದಿರಲಿಲ್ಲ.

ಆಕೆ ಮಂಚದ ಪಕ್ಕದ ಕೊಳವೆಯ ಮೇಲೆ ಬಗ್ಗಿದಳು. "ಇಲ್ಲಿ ಬಣ್ಣ ಯಾಕೆ ಇಷ್ಟು ಕಿತ್ತುಹೋಗಿದೆ?"

"ಅಕ್ಕ ತಾಳ ಹಾಕೋ ಜಾಗ. ಪ್ರಾರ್ಥನೆ ಹೊತ್ತಲ್ಲಿ."

ರೂಪಾಯಿ ನಾಣ್ಯದಷ್ಟಗಲ ಹಸಿರು ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಅದರಿಂದ ಎರಡೇ ಬೆರಳು ದೂರದಲ್ಲಿ ಒಂದು ತೂತು, ಹಿಂದೆ ಎಂದೋ ತಿರುಪು ಇದ್ದು ಬಿದ್ದುಹೋದದ್ದು. ದಿನಾ ಆ ತೂತಿನ ಪಕ್ಕದಲ್ಲೇ ಕುಳಿತು ಹಾಡಿದವನು ನಾನು.

ಆಕೆ ಉಳಿದ ಒಂದು ಕಾಗದದ ಚೂರನ್ನು ಆ ತೂತಿನ ಹತ್ತಿರ, ಹಾಸಿಗೆಯ ಅಂಚಿನಲ್ಲಿ ಇಟ್ಟಳು.

ಕಾಯಬೇಕಾಗಲಿಲ್ಲ. ತೂತಿನ ಬಾಯಿಯಲ್ಲಿ ಒಂದು ಬಂತು, ಎರಡು ಬಂತು. ಆಮೇಲೆ ಎಳೆ ಬಿಟ್ಟಂತೆ ಹರಿದುಬಂದವು. ಬಿಳಿ ಕಾಗದ ನೋಡುತ್ತಿದ್ದಂತೆ ತಾಮ್ರದ ಬಣ್ಣಕ್ಕೆ ತಿರುಗಿತು. ಆಕೆ ಮೆಲ್ಲಗೆ ಹಾಸಿಗೆಯ ರಬ್ಬರ್ ಹಾಳೆಯ ಮೂಲೆ ಎತ್ತಿದಳು. ಅದರ ಕೆಳಗಿನ ಬಟ್ಟೆ ಅಲುಗುತ್ತಿತ್ತು.

"ಅಮ್ಮನನ್ನು ಎತ್ತಿ," ಎಂದಳು. "ಈಗಲೇ."

ಸೊಸೆ ಎತ್ತಿದಳು. ನಾನು ಎತ್ತಲಿಲ್ಲ. ನನ್ನ ಕೈ ಬರಲಿಲ್ಲ. ಇಬ್ಬರು ಹೆಂಗಸರು ಅಕ್ಕನನ್ನು ಹೊತ್ತು ಕುರ್ಚಿಗೆ ತಂದು ಕೂರಿಸಿದರು, ರವಿಕೆಯ ಬೆನ್ನು ಬಿಚ್ಚಿದರು. ನಾನು ನೋಡಿದೆ. ಕತ್ತಿನ ಕೆಳಗಿನಿಂದ ಸೊಂಟದವರೆಗೆ, ಬಲಭಾಗ ಪೂರ್ತಿ, ಬೆರಳಿಡಲು ಜಾಗವಿರಲಿಲ್ಲ. ಸೊಸೆ ದಿನಾ ಹಾಕುತ್ತಿದ್ದ ಪುಡಿ ಗಾಯಗಳಲ್ಲಿ ಮೆತ್ತಿಕೊಂಡಿತ್ತು. ನಿನ್ನೆಯವು ಹೊಸವು, ಇನ್ನೂ ನೀರು ಜಿನುಗುತ್ತಿದ್ದವು.

ಆ ಹೆಂಗಸು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. ಕೊಳವೆಯ ತುದಿಯ ರಬ್ಬರ್ ಬಿರಡೆಯನ್ನು ಚಿಮಟದಿಂದ ಕಿತ್ತು, ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ ಬಿರಡೆಯನ್ನು ಮತ್ತೆ ಒತ್ತಿದಳು.

"ಗೂಡು ಇದರೊಳಗೇ ಇದೆ ಅಜ್ಜ. ಮೊದಲಿಂದಲೂ," ಎಂದಳು. "ಇಲ್ಲಿಂದ ಇಳಿದು ಅಡುಗೆಮನೆಗೆ ಹೋಗಿ ತಿಂದು ಬರ್ತಿದ್ದವು. ನಿಮ್ಮ ಎಣ್ಣೆ ಒಳ್ಳೇದೇ. ಇರುವೆ ಅದನ್ನ ದಾಟಲ್ಲ. ಮೇಲಿರೋವೂ ದಾಟಲ್ಲ."

ಅಷ್ಟು ಹೇಳಿ ಆಸ್ಪತ್ರೆಗೆ ಗಾಡಿ ಕರೆಸಲು ಹೊರಗೆ ಹೋದಳು.

ನಾನು ನಿಂತಲ್ಲೇ ನಿಂತಿದ್ದೆ. ಲೆಕ್ಕ ಹಾಕುವುದು ಬೇಡವೆಂದರೂ ತಲೆ ಹಾಕುತ್ತಿತ್ತು. ಎಣ್ಣೆ ಬಳಿದ ಸಂಜೆಗಳೆಲ್ಲ ತಾಳದ ಸಂಜೆಗಳು. ಎಣ್ಣೆ ಇಲ್ಲದ ಎರಡು ಸಂಜೆ ಅವಳು ಮಲಗಿ ನಿದ್ದೆಮಾಡಿದ್ದಳು. ಕೆಳಗೆ ಹೊಸ ಎಣ್ಣೆಯ ಖಾರ ಏರುತ್ತಿದ್ದಂತೆ ಇರುವೆಗಳು ದಿಕ್ಕುಗೆಟ್ಟು ಮೇಲಕ್ಕೆ, ಅವಳ ಮೈಗೆ ಹತ್ತುತ್ತಿದ್ದವು. ಅವಳಲ್ಲಿ ಉಳಿದಿದ್ದ ಒಂದೇ ಕೈಯಿಂದ, ಅವು ಹೊರಬರುವ ತೂತಿನ ಪಕ್ಕದಲ್ಲೇ ಬಡಿದು ಬಡಿದು ತೋರಿಸುತ್ತಿದ್ದಳು. ಇಲ್ಲಿ, ಇಲ್ಲಿ, ಇಲ್ಲಿ. ನಾನು ಅವಳ ಬೆರಳಿಗೆ ಟೋಪಿ ತೊಡಿಸಿದೆ. ಬೀದಿಯವರನ್ನು ಕರೆದು ಕೇಳಿಸಿದೆ. ಅವಳ ಕಣ್ಣೀರು ಒರೆಸಿ ದೇವರಿಗೆ ವಂದಿಸಿದೆ.

ಒಂದು ಇರುವೆಯನ್ನೂ ಕೊಲ್ಲಬಾರದು ಎಂದವನು ನಾನು.

ಅಕ್ಕ ಕುರ್ಚಿಯಿಂದ ನನ್ನನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಕೋಪವಿತ್ತೇ ಎಂದು ನನಗೆ ತಿಳಿಯದು. ಅವಳ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ಗಾಯಗಳು ಮಾಯಿದವು. ಅಷ್ಟರಲ್ಲಿ ಕೀಟ ವಿಭಾಗದವರು ಮಂಚವನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು. ಮನೆಯ ಸುತ್ತ ವಿಷ ಬೆರೆಸಿದ ಆಹಾರ ಇಟ್ಟರು. ನಾನು ಬೇಡ ಎನ್ನಲಿಲ್ಲ. ಸೊಸೆ ನನಗೆ ಒಂದು ಚುಚ್ಚುಮಾತೂ ಆಡಲಿಲ್ಲ. ಒಂದು ದಿನ ನಾನೇ ಪೇಟೆಗೆ ಹೋಗಿ ಆರು ಕುಂಡ ತಂದು ಕಿಟಕಿಯಲ್ಲಿ ಇಟ್ಟೆ. ಅವಳು ಅವನ್ನು ನೋಡಿ, "ಮೊಗ್ಗಿಲ್ಲದ್ದೇ ಆರಿಸಿದ್ದೀರಲ್ಲ ಮಾವ," ಎಂದಳು. ಅಷ್ಟೇ.

ಅಕ್ಕ ಮನೆಗೆ ಬಂದಳು. ಹೊಲಿಗೆಯ ಹಳೆಯ ಮೇಜಿನ ಹಲಗೆಗಳನ್ನು ಸೇರಿಸಿ ಬಡಗಿಯಿಂದ ಮರದ ಮಂಚ ಮಾಡಿಸಿದ್ದೆ. ಆಮೇಲೆ ನಾನು ಎಣ್ಣೆಯ ಹಂಡೆ ಏರಿಸಲಿಲ್ಲ, ಪ್ರಾರ್ಥನೆಯನ್ನೂ ಗಟ್ಟಿಯಾಗಿ ಹೇಳಲಿಲ್ಲ. ಮೂರು ವಾರ ಸಂಜೆ ದೀಪ ಹಚ್ಚಿ ಹೊರಗೆ ಕೂರುತ್ತಿದ್ದೆ. ಬೇಕರಿಯವನು ಒಮ್ಮೆ ಬಂದು ಬಾಗಿಲಲ್ಲಿ ಇಣುಕಿ ಹೋದ.

ಕೊನೆಗೆ ಸೊಸೆಯೇ ಬಂದಳು. "ಮಾವ, ಹಾಡಿ. ದೀಪ ಹಚ್ಚಿದ ಕೂಡಲೇ ದೊಡ್ಡತ್ತೆ ಬಾಗಿಲು ನೋಡ್ತಾರೆ. ನನಗೆ ಹಾಡು ಬರಲ್ಲ, ನಾನು ಹಾಡಿದರೆ ಇನ್ನೊಂದು ಸಲ ಲಕ್ವ ಹೊಡೆಯುತ್ತೆ."

ಒಳಗೆ ಹೋಗಿ ಕುಳಿತೆ. ಹಾಸಿಗೆ ಬಿಳಿ, ಹೊದಿಕೆ ಬಿಳಿ. ಟೋಪಿಯನ್ನು ನಾನು ಕಿತ್ತು ಡಬ್ಬಿಗೆ ಹಾಕಿದ್ದೆ. ಅದು ಮತ್ತೆ ಅವಳ ಬೆರಳಲ್ಲಿತ್ತು. ಸೊಸೆ ತೊಡಿಸಿರಬೇಕು. ಕಣ್ಣು ತಗ್ಗಿಸಿಕೊಂಡು ಅಕ್ಕ ನನಗೆ ಮೊಟ್ಟಮೊದಲು ಕಲಿಸಿದ ಹಾಡು ಹಿಡಿದೆ. ಒಂದು ಸಾಲು ಆಯಿತು, ಎರಡು ಆಯಿತು.

ಟಕ್.

ಮರದ ಮೇಲೆ ಹಿತ್ತಾಳೆಯ ಸದ್ದು. ಟಕ್, ಟಕ್.

ನಾನು ಎದ್ದುಬಿಟ್ಟೆ. ಹೊದಿಕೆ ಎಳೆದು ಹಾಕಿದೆ. ದಿಂಬು ಎತ್ತಿದೆ, ಅವಳ ತೋಳು ನೋಡಿದೆ, ಕತ್ತು ನೋಡಿದೆ, ಒಂದು ಕಡೆಗೆ ಹೊರಳಿಸಿ ಬೆನ್ನು ನೋಡಿದೆ. ಮೊಣಕಾಲೂರಿ ಮಂಚದ ಕೆಳಗೆ ದೀಪ ಹಿಡಿದು ಹಲಗೆಯ ಸಂದು ಸಂದು ಹುಡುಕಿದೆ. ಏನೂ ಇರಲಿಲ್ಲ. ಒಂದು ಇರುವೆಯೂ ಇರಲಿಲ್ಲ. ತಲೆಯ ಮೇಲೆ ಟಕ್ ಟಕ್ ನಿಲ್ಲಲಿಲ್ಲ, ಇನ್ನೂ ಜೋರಾಯಿತು.

"ಬಾರಮ್ಮ, ಬೇಗ ಬಾ," ಎಂದು ಕೂಗಿದೆ. "ಎಲ್ಲಿದೆ ಅಂತ ನನಗೆ ಕಾಣ್ತಿಲ್ಲ."

ಸೊಸೆ ಓಡಿಬಂದಳು. ಹಾಸಿಗೆ ನೋಡಿದಳು, ಅಕ್ಕನ ಮುಖ ನೋಡಿದಳು, ನೆಲದ ಮೇಲೆ ದೀಪ ಹಿಡಿದು ಕುಳಿತ ನನ್ನನ್ನು ನೋಡಿದಳು.

"ಏನೂ ಇಲ್ಲ ಮಾವ," ಎಂದಳು. "ನೀವು ನಡುವೆ ನಿಲ್ಲಿಸಿದ್ದಕ್ಕೆ ಹೊಡೀತಿದ್ದಾರೆ. ಮುಂದೆ ಹೇಳಿ."

ಅಕ್ಕ ಹೊಡೆಯುತ್ತಲೇ ಇದ್ದಳು. ಅರವತ್ತೈದು ವರ್ಷದಿಂದ ದಿನವೂ ಹಾಡಿದ ಹಾಡು. ಬಾಯಿ ತೆರೆದೆ. ಮುಂದಿನ ಸಾಲು ಬರಲಿಲ್ಲ.